ಕೈಯಲ್ಲಿ ಮಾಡಿದ ಉಡುಗೊರೆ ಅಂಚೆ ದಾರಿಯಲ್ಲಿ ಒಡೆಯುವುದೆಲ್ಲಿ, ಕಳೆಯುವುದೆಲ್ಲಿ

ಡಬ್ಬಿಯ ನಾಲ್ಕೂ ಮಗ್ಗುಲಿಗೆ ಕೆಂಪು ಅಕ್ಷರದಲ್ಲಿ ‘ಜೋಪಾನ, ಒಡೆಯುವ ವಸ್ತು’ ಎಂದು ಬರೆದು ಕಳಿಸುವವರು ಬಹಳ. ಅದನ್ನು ಓದುವವರು ಮಾತ್ರ ಕಡಿಮೆ. ದೊಡ್ಡ ವಿಂಗಡಣಾ ಕೇಂದ್ರದಲ್ಲಿ ಪಾರ್ಸೆಲ್ ಓಡುವುದು ಬೆಲ್ಟಿನ ಮೇಲೆ, ಅಲ್ಲಿ ಯಂತ್ರಕ್ಕೆ ಬೇಕಿರುವುದು ಬಾರ್‌ಕೋಡ್ ಮತ್ತು ವಿಳಾಸ. ಬೆಲ್ಟ್ ಮುಗಿದಲ್ಲಿ ಡಬ್ಬಿ ಜಾರಿ ಕೆಳಗಿನ ಚೀಲಕ್ಕೋ ಜಾಲರಿ ಗಾಡಿಗೋ ಬೀಳುತ್ತದೆ. ಅದರ ಮೇಲೆ ಇನ್ನೊಂದು ಬೀಳುತ್ತದೆ, ಆಮೇಲೆ ಹತ್ತು ಕಿಲೋದ ಮತ್ತೊಂದು. ಕೈಯಲ್ಲೇ ವಿಂಗಡಿಸುವ ಸಣ್ಣ ಕಚೇರಿಯಲ್ಲೂ ಚೀಲದೊಳಗೆ ನಿಮ್ಮ ಡಬ್ಬಿ ಯಾವ ಮಗ್ಗುಲಲ್ಲಿ ಮಲಗಿದೆ ಎಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ‘ಈ ಬದಿ ಮೇಲೆ’ ಎಂಬ ಬಾಣದ ಗುರುತಿಗೂ ಅದೇ ಗತಿ. ಹಾಗಾಗಿ ಏನೂ ಬರೆದಿಲ್ಲ ಎಂದುಕೊಂಡೇ ಕಟ್ಟಬೇಕು. ಬರೆದದ್ದನ್ನು ಯಾರಾದರೂ ಓದಿದರೆ ಅದು ಲಾಭ.

ಕಾರ್ಖಾನೆಯ ಸಾಮಾನಿಗೂ ಕೈಯಲ್ಲಿ ಮಾಡಿದ್ದಕ್ಕೂ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಕಾರ್ಖಾನೆಯವರು ಸಾಮಾನಿನ ಜೊತೆಗೇ ಅದರ ಡಬ್ಬಿಯನ್ನೂ ರೂಪಿಸುತ್ತಾರೆ, ಬೀಳಿಸಿ ನೋಡುತ್ತಾರೆ, ಒಡೆದರೆ ಡಬ್ಬಿ ತಿದ್ದುತ್ತಾರೆ. ಮನೆಯಲ್ಲಿ ಮಾಡಿದ ಮಣ್ಣಿನ ಹೂದಾನಿಗೆ ಅಳತೆಯ ಡಬ್ಬಿ ಎಲ್ಲೂ ಇಲ್ಲ. ಅದರ ಗೋಡೆ ಒಂದು ಕಡೆ 4 ಮಿಲಿಮೀಟರ್ ಇದ್ದರೆ ಇನ್ನೊಂದು ಕಡೆ 7 ಇರುತ್ತದೆ. ಬೀಳಿಸಿ ನೋಡೋಣ ಎಂದರೆ ಇರುವುದೇ ಒಂದು. ಒಡೆದರೆ ಗೋದಾಮಿನಿಂದ ಇನ್ನೊಂದು ಬರುವುದಿಲ್ಲ, ಪರಿಹಾರದ ಹಣ ಬಂದರೂ ಅದರಿಂದ ಅದೇ ವಸ್ತುವನ್ನು ಕೊಳ್ಳಲಾಗದು. ಇಂಥ ಉಡುಗೊರೆಯ ವಿಷಯದಲ್ಲಿ ಮಾಡಬೇಕಾದ ಕೆಲಸವೆಲ್ಲ ಕೌಂಟರಿಗೆ ಕೊಡುವ ಮೊದಲೇ ಮುಗಿದಿರಬೇಕು.

ಬಿದ್ದಾಗ ಆಗುವುದೇನು

ಎಷ್ಟು ಎತ್ತರದಿಂದ ಬೀಳಬಹುದು ಎಂಬ ಅಂದಾಜಿಗೆ ಪ್ಯಾಕಿಂಗ್ ಪರೀಕ್ಷೆಯ ಮಾನದಂಡಗಳೇ ಒಳ್ಳೆಯ ಅಳತೆಗೋಲು. ಇಂಟರ್‌ನ್ಯಾಷನಲ್ ಸೇಫ್ ಟ್ರಾನ್ಸಿಟ್ ಅಸೋಸಿಯೇಷನ್‌ನ 1ಎ ಪರೀಕ್ಷೆಯಲ್ಲಿ ಸುಮಾರು ಒಂಬತ್ತೂವರೆ ಕಿಲೋಗಿಂತ ಹಗುರವಾದ ಡಬ್ಬಿಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆಯ ಮೇಲೆ, ಆ ಮೂಲೆಗೆ ಸೇರುವ ಮೂರು ಅಂಚುಗಳ ಮೇಲೆ, ಆಮೇಲೆ ಆರೂ ಮುಖಗಳ ಮೇಲೆ. ಅಂದರೆ ಊಟದ ಮೇಜಿನ ಎತ್ತರದಿಂದ ಹತ್ತು ಬಾರಿ. ನಿಮ್ಮ ಡಬ್ಬಿ ತಾಳಬೇಕಾದದ್ದು ಇಷ್ಟು.

ಪೆಟ್ಟು ಎಷ್ಟು ಜೋರು ಎಂಬುದು ಎತ್ತರವೊಂದನ್ನೇ ಅವಲಂಬಿಸಿಲ್ಲ. ವಸ್ತು ಎಷ್ಟು ದೂರ ಸಾಗಿ ನಿಂತಿತು ಎಂಬುದೂ ಅಷ್ಟೇ ಮುಖ್ಯ. ಸರಳ ಲೆಕ್ಕ: ಬಿದ್ದ ಎತ್ತರವನ್ನು ಮೆತ್ತೆ ಕುಗ್ಗಿದ ದೂರದಿಂದ ಭಾಗಿಸಿ. 300 ಗ್ರಾಂ ತೂಕದ ಕಪ್ 76 ಸೆಂಟಿಮೀಟರ್‌ನಿಂದ ಬಿದ್ದು ಕೇವಲ ಅರ್ಧ ಸೆಂಟಿಮೀಟರ್ ಕುಗ್ಗುವ ಮೆತ್ತೆಯ ಮೇಲೆ ನಿಂತರೆ ಅದರ ಮೇಲಿನ ಸರಾಸರಿ ಒತ್ತಡ ತನ್ನ ತೂಕದ 152 ಪಟ್ಟು. ಅಂದರೆ ಆ ಕ್ಷಣಕ್ಕೆ ಕಪ್ಪಿನ ಮೇಲೆ 45 ಕಿಲೋ ಕೂತ ಹಾಗೆ. ಅದೇ ಮೆತ್ತೆ 3.8 ಸೆಂಟಿಮೀಟರ್ ಕುಗ್ಗಿದರೆ 20 ಪಟ್ಟು, 6 ಕಿಲೋ. ಎಲ್ಲ ಕಡೆ 5 ಸೆಂಟಿಮೀಟರ್ ಮೆತ್ತೆ ಇರಲಿ ಎನ್ನುವುದು ಇದಕ್ಕೇ: ಕುಗ್ಗಲು ಜಾಗ ಬೇಕು, ಪೂರ್ತಿ ಕುಗ್ಗಿ ನೆಲ ತಾಗದಷ್ಟು ಮಿಗುತಾಯವೂ ಬೇಕು.

ಇಲ್ಲಿಂದಲೇ ಎರಡು ಸಾಮಾನ್ಯ ತಪ್ಪುಗಳು ಅರ್ಥವಾಗುತ್ತವೆ. ಹಳೆಯ ಪತ್ರಿಕೆಯನ್ನು ಕಲ್ಲಿನಂತೆ ಉಂಡೆ ಕಟ್ಟಿ ತುರುಕಿದರೆ ಡಬ್ಬಿ ಅಲುಗಾಡುವುದಿಲ್ಲ, ಸರಿ; ಆದರೆ ಅದು ಕುಗ್ಗುವುದೂ ಇಲ್ಲ. ದಪ್ಪ ಥರ್ಮೋಕೋಲ್ ಹಾಳೆಯೂ ಹಾಗೆಯೇ. ಐದು ಕಿಲೋದ ಯಂತ್ರಕ್ಕೆ ಅದು ಮೆತ್ತೆ, 300 ಗ್ರಾಮಿನ ಕಪ್ಪಿಗೆ ಅದು ಗೋಡೆ. ಹಗುರ ವಸ್ತುವಿಗೆ ಮೆದುವಾದ ಮೆತ್ತೆ, ಭಾರದ್ದಕ್ಕೆ ಗಡುಸಾದದ್ದು. ಕೈಯಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ: ವಸ್ತುವನ್ನು ಮೆತ್ತೆಯ ಮೇಲಿಟ್ಟು ಸ್ವಲ್ಪ ಒತ್ತಿದಾಗ ತಗ್ಗಬೇಕು, ಬಿಟ್ಟಾಗ ಮೇಲೆ ಬರಬೇಕು.

ಎರಡನೆಯದು, ಖಾಲಿ ಜಾಗ. ಡಬ್ಬಿ ನೆಲಕ್ಕೆ ಬಡಿದು ನಿಂತ ಮೇಲೂ ಒಳಗಿನ ವಸ್ತು ಚಲಿಸುತ್ತಲೇ ಇರುತ್ತದೆ, ಆಮೇಲೆ ಡಬ್ಬಿಯ ಗೋಡೆಗೆ ಬಡಿಯುತ್ತದೆ. ಹೊರಗಿನ ಡಬ್ಬಿಗೆ ಒಂದು ಗೀರೂ ಇಲ್ಲದೆ ಒಳಗಿನದು ಚೂರಾಗಿದ್ದರೆ ಬಹುತೇಕ ಕಾರಣ ಇದು. ಪ್ಯಾಕಿಂಗ್‌ಗೆ ಬಳಸುವ ಫೋಮ್ ಕಾಳುಗಳು ಇಲ್ಲಿ ಮೋಸ ಮಾಡುತ್ತವೆ. ಕಳಿಸುವಾಗ ವಸ್ತು ನಟ್ಟನಡುವೆ ಕೂತಿರುತ್ತದೆ. ಲಾರಿಯ ಕುಲುಕಾಟಕ್ಕೆ ಕಾಳುಗಳು ಸರಿಯುತ್ತ ಹೋಗಿ ಭಾರದ ವಸ್ತು ನಿಧಾನಕ್ಕೆ ತಳ ಸೇರುತ್ತದೆ. ಕಾಳು ಬಳಸುವುದೇ ಆದರೆ ತುಸು ಹೆಚ್ಚೇ ತುಂಬಿ, ಮುಚ್ಚಳ ಒತ್ತಿ ಮುಚ್ಚುವಷ್ಟು.

ಹಿಡಿ ಇರುವ ಒಂದು ಕಪ್

ಮಣ್ಣಿನ ಕಪ್ ಒಡೆಯುವುದು ಹೆಚ್ಚಾಗಿ ಹಿಡಿಯ ಬುಡದಲ್ಲಿ. ಹಿಡಿಯನ್ನು ಬೇರೆ ಮಾಡಿ ಅಂಟಿಸಿರುತ್ತಾರೆ, ಅದು ಹೊರಕ್ಕೆ ಚಾಚಿರುತ್ತದೆ, ಡಬ್ಬಿ ಪಕ್ಕಕ್ಕೆ ಬಿದ್ದರೆ ಮೊದಲ ಪೆಟ್ಟು ಅದಕ್ಕೇ. ಆದ್ದರಿಂದ ಕಟ್ಟುವ ಕೆಲಸ ಹಿಡಿಯ ಕಿಂಡಿಯಿಂದ ಶುರುವಾಗಬೇಕು. ಮೆದು ಕಾಗದವನ್ನು ಸುರುಳಿ ಮಾಡಿ ಕಿಂಡಿಯೊಳಗೆ ತೂರಿಸಿ, ಹಿಡಿಯ ಎರಡೂ ಪಕ್ಕಕ್ಕೆ ಅದು ಉಬ್ಬಿಕೊಂಡಿರಲಿ, ಹಿಡಿಗಿಂತ ಕಾಗದವೇ ಮುಂದೆ ಚಾಚಿರಬೇಕು. ಕಪ್ಪಿನ ಹೊಟ್ಟೆಗೂ ಮುದುರಿದ ಕಾಗದ ತುಂಬಿ, ಆದರೆ ಒತ್ತಿ ಗಿಡಿಯಬೇಡಿ. ಬಿಗಿಯಾಗಿ ತುಂಬಿದರೆ ಹೊರಗಿನ ಪೆಟ್ಟಿಗೆ ಒಳಗಿನ ಒತ್ತಡವೂ ಸೇರುತ್ತದೆ. ಆಮೇಲೆ ಇಡೀ ಕಪ್ಪಿಗೆ ಟಿಶ್ಯೂ ಕಾಗದ ಒಂದು ಸುತ್ತು, ಅದರ ಮೇಲೆ ಸಣ್ಣ ಗುಳ್ಳೆಯ ಬಬಲ್ ರ‍್ಯಾಪ್ ಎರಡು ಸುತ್ತು. ಗುಳ್ಳೆ ಒಳಮುಖವಾಗಿರಲಿ. ಟೇಪು ಬಬಲ್ ರ‍್ಯಾಪಿಗಷ್ಟೇ ತಾಗಬೇಕು, ಕೊನೆಯನ್ನು ಮಡಚಿ ಬಿಡಿ. ಬಿಚ್ಚುವವರು ಕತ್ತರಿ ಹಾಕಿ ಹಿಡಿ ಮುರಿದ ಉದಾಹರಣೆಗಳಿಗೆ ಬರವಿಲ್ಲ.

ಇದು ಈಗ ಸುಮಾರು 15×13×13 ಸೆಂಟಿಮೀಟರ್‌ನ ಒಳಡಬ್ಬಿಯಲ್ಲಿ ಅಲುಗದಂತೆ ಕೂರಬೇಕು. ಅದನ್ನು 25×23×23 ಸೆಂಟಿಮೀಟರ್‌ನ ಹೊರಡಬ್ಬಿಯ ನಡುವೆ, ಆರೂ ಕಡೆ 5 ಸೆಂಟಿಮೀಟರ್ ಮೆತ್ತೆ ಬರುವಂತೆ ಇಡಿ. ಮೊದಲು ತಳಕ್ಕೆ ಮೆತ್ತೆ, ಆಮೇಲೆ ಒಳಡಬ್ಬಿ, ಆಮೇಲೆ ಮೂಲೆಗಳು, ಕೊನೆಗೆ ಮೇಲ್ಭಾಗ. ಮುಚ್ಚಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಲುಕಿ. ಒಳಗೇನಾದರೂ ಸರಿದ ಸದ್ದು ಬಂದರೆ ಮತ್ತೆ ಬಿಚ್ಚಬೇಕು. ಬೇಸರದ ಕೆಲಸ, ಆದರೂ ಬಿಚ್ಚಿ.

ಇಷ್ಟು ದೊಡ್ಡ ಡಬ್ಬಿಗೆ ದುಡ್ಡು ಹೆಚ್ಚು ಬೀಳುತ್ತದೆ ನಿಜ. ಬಹಳಷ್ಟು ಕೊರಿಯರ್‌ಗಳು ಗಾತ್ರದ ತೂಕ ಎಂಬ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು, ನಿಜವಾದ ತೂಕ ಮತ್ತು ಇದರಲ್ಲಿ ಯಾವುದು ದೊಡ್ಡದೋ ಅದಕ್ಕೆ ದರ. ಮೇಲಿನ ಡಬ್ಬಿಗೆ ಅದು 2.6 ಕಿಲೋ ಆಗುತ್ತದೆ, ಒಳಗಿರುವುದು 300 ಗ್ರಾಂ ಕಪ್. ಇದನ್ನು ಕೇಳಿದವರು ಮೊದಲು ಕೈಬಿಡುವುದು ಒಳಡಬ್ಬಿಯನ್ನು. ಆದರೆ ಅದನ್ನು ಬಿಟ್ಟು ಸುತ್ತಿದ ಕಪ್ಪನ್ನೇ ನೇರವಾಗಿ 24×21×22ರ ಡಬ್ಬಿಗೆ ಇಟ್ಟರೂ ಲೆಕ್ಕ 2.2 ಕಿಲೋ. ಉಳಿಯುವುದು 400 ಗ್ರಾಮಿನ ದರವಷ್ಟೇ. ಪೆಟ್ಟನ್ನು ಹಿಡಿಯ ಮೇಲೆ ಬೀಳಗೊಡದೆ ಇಡೀ ಮೈಗೆ ಹಂಚುವುದು ಆ ಒಳಡಬ್ಬಿ. ಅದನ್ನು ಬಿಡುವುದು ಲಾಭದ ವ್ಯವಹಾರವಲ್ಲ.

ರಟ್ಟು ಮತ್ತು ಟೇಪು

ರಟ್ಟಿನ ಡಬ್ಬಿಯ ಬಲ ಇರುವುದು ಅದರ ನಿಂತ ಮೂಲೆಗಳಲ್ಲಿ. ಮೇಲಿನ ಭಾರದ ಬಹುಪಾಲನ್ನು ಹೊರುವುದು ಅವೇ. ಮೂಲೆ ಒಮ್ಮೆ ಜಜ್ಜಿದ ಹಳೆಯ ಡಬ್ಬಿ ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ರಟ್ಟಿನ ನಡುವಿನ ಅಲೆಅಲೆ ಪದರ ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ತೇವವಂತೂ ರಟ್ಟಿನ ವೈರಿ: ಗಾಳಿಯ ತೇವ ತುಂಬ ಏರಿದಾಗ ಡಬ್ಬಿಯ ಹೊರುವ ಬಲ ಅರ್ಧಕ್ಕೆ ಇಳಿಯುವುದುಂಟು. ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಎಲ್ಲವನ್ನೂ ಅದರೊಳಗೆ ಕಟ್ಟಿ.

ಟೇಪು 5 ಸೆಂಟಿಮೀಟರ್ ಅಗಲದ ಪ್ಯಾಕಿಂಗ್ ಟೇಪೇ ಆಗಬೇಕು. ನಡುವಿನ ಸೀಳಿಗೆ ಉದ್ದಕ್ಕೆ ಒಂದು ಪಟ್ಟಿ, ಎರಡೂ ಪಕ್ಕದ ಅಂಚಿಗೆ ಅಡ್ಡಕ್ಕೆ ಒಂದೊಂದು. ಮೇಲೆ ಮೂರು, ಕೆಳಗೆ ಮೂರು, ಪಕ್ಕದ ಗೋಡೆಗೆ ಏಳೆಂಟು ಸೆಂಟಿಮೀಟರ್ ಇಳಿದಿರಲಿ. ಪೇಪರ್ ಟೇಪು, ಸೆಲ್ಲೋ ಟೇಪು ಲಕೋಟೆಗೆ ಸರಿ. ಡಬ್ಬಿಗೆ ದಾರ ಕಟ್ಟುವ ಹಳೆಯ ಅಭ್ಯಾಸ ಬಿಡಿ, ಬೆಲ್ಟಿನ ರೋಲರ್‌ಗೆ ಅದು ಸಿಕ್ಕಿಕೊಳ್ಳುತ್ತದೆ. ಚಂದದ ಉಡುಗೊರೆ ಕಾಗದವನ್ನು ಹೊರಗೆ ಸುತ್ತುವುದೂ ಬೇಡ: ಅದು ಹರಿದರೆ ಅದರ ಮೇಲಿನ ವಿಳಾಸವೂ ಹೋಗುತ್ತದೆ.

ಪೆಟ್ಟಿಲ್ಲದೆ ಕೆಡುವ ವಸ್ತುಗಳು

ಒಡೆಯುವುದರ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಬಿಸಿಲು, ಕುಲುಕಾಟ, ಪ್ಯಾಕಿಂಗ್ ಸಾಮಾನೇ ಮಾಡುವ ಹಾಳು ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ.

ಅಕ್ರಿಲಿಕ್ ಬಣ್ಣದ ಚಿತ್ರ ಒಣಗಿದೆ ಎಂದು ನೇರವಾಗಿ ಬಬಲ್ ರ‍್ಯಾಪಿನಲ್ಲಿ ಸುತ್ತಿ ಕಳಿಸಿದರೆ, ಬಿಚ್ಚಿದಾಗ ಚಿತ್ರದ ಮೈತುಂಬ ಉರುಟುರುಟು ಗುರುತು. ಅಕ್ರಿಲಿಕ್ ಬಣ್ಣವೂ ಅದರ ಮೇಲಿನ ವಾರ್ನಿಷ್‌ ಕೂಡ ಶಾಖಕ್ಕೆ ಮೆದುವಾಗುವ ಪ್ಲಾಸ್ಟಿಕ್ಕಿನ ಜಾತಿಯವು. ಬಿಸಿಯಾದ ವಾಹನದಲ್ಲಿ ಗುಳ್ಳೆಗಳು ಅದಕ್ಕೆ ಅಚ್ಚು ಒತ್ತುತ್ತವೆ. ಮೊದಲು ಗ್ಲಾಸೀನ್ ಎಂಬ ನುಣುಪು ಕಾಗದ, ಅದಿಲ್ಲದಿದ್ದರೆ ಬೇಕಿಂಗ್‌ಗೆ ಬಳಸುವ ಸಿಲಿಕೋನ್ ಲೇಪದ ಕಾಗದ, ಆಮೇಲೆ ರಟ್ಟಿನ ಹಾಳೆ, ಅದರ ಮೇಲೆ ಬಬಲ್ ರ‍್ಯಾಪ್. ತೈಲವರ್ಣದ ಚಿತ್ರಕ್ಕೆ ಇನ್ನೂ ತಾಳ್ಮೆ ಬೇಕು. ಮುಟ್ಟಿದರೆ ಅಂಟದ ಸ್ಥಿತಿಗೆ ವಾರಗಳು ಸಾಕು, ಒಳಗಿನ ತನಕ ಗಟ್ಟಿಯಾಗಲು ಆರು ತಿಂಗಳಿಂದ ವರ್ಷ ಹಿಡಿಯಬಹುದು. ಕ್ಯಾನ್ವಾಸನ್ನು ಸುರುಳಿ ಸುತ್ತಿ ಕಳಿಸುವವರು ಚಿತ್ರ ಒಳಗಿರಲಿ ಎಂದುಕೊಳ್ಳುತ್ತಾರೆ. ಸುತ್ತಬೇಕಾದದ್ದು ಚಿತ್ರ ಹೊರಮೈಗೆ ಬರುವಂತೆ, ಅದೂ ಸಾಧ್ಯವಾದಷ್ಟು ದಪ್ಪ ಕೊಳವೆಯ ಮೇಲೆ. ಒಳಮುಖ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಬಟ್ಟೆಯಿಂದ ಎದ್ದು ಬರುತ್ತದೆ. ಹೊರಮುಖವಾಗಿದ್ದರೆ ಸಣ್ಣ ಬಿರುಕು ಬಿದ್ದರೂ ಚಪ್ಪಟೆ ಮಾಡಿದಾಗ ಕೂಡಿಕೊಳ್ಳುತ್ತದೆ. ಚೌಕಟ್ಟಿನ ಗಾಜನ್ನು ಹಾಗೇ ಉಳಿಸಿಕೊಳ್ಳಲೇಬೇಕಿದ್ದರೆ ಗಾಜಿನ ಮೇಲೆ ಟೇಪನ್ನು ಬಲೆಯಂತೆ ಅಂಟಿಸಿ. ಗಾಜು ಒಡೆಯುವುದನ್ನು ಅದು ತಡೆಯದು, ಚೂರು ಚಿತ್ರವನ್ನು ಕೊಯ್ಯುವುದನ್ನು ತಡೆಯುತ್ತದೆ. ಅಕ್ರಿಲಿಕ್ ಹಾಳೆ ಹಾಕಿದರೆ ಈ ಗೋಜೇ ಇಲ್ಲ.

ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಬ್ಬದಲ್ಲಿ ಹೊಯ್ಯುವ ಸೋಯಾ ಮೇಣ ಅದಕ್ಕಿಂತ ಬಹಳ ಮೊದಲೇ, 50ರ ಆಸುಪಾಸಿನಲ್ಲಿ. ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದೊಳಗೆ ಈ ಶಾಖ ಅಪರೂಪವೇನಲ್ಲ. ಕರಗದಿದ್ದರೂ ಮೆದುವಾಗಿ ಬಾಗುತ್ತದೆ. ಮೇಣದಬತ್ತಿಯನ್ನು ನಿಲ್ಲಿಸಿ ಕಟ್ಟಿದರೆ ವಾಲುತ್ತದೆ, ಮಲಗಿಸಿ ಸುತ್ತ ಬಿಗಿಯಾಗಿ ಆಧಾರ ಕೊಟ್ಟರೆ ಆಕಾರ ಉಳಿಯುತ್ತದೆ. ಜೇನುಮೇಣದ ಮೇಲೆ ಬಿಳಿ ಬೂದಿಯಂಥದ್ದು ಕಂಡರೆ ಗಾಬರಿ ಬೇಡ. ತಣ್ಣಗಿನಲ್ಲಿ ಮೇಲೆ ಬರುವ ಅದರದೇ ಅಂಶ ಅದು, ಮೆತ್ತನೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಎಪಾಕ್ಸಿ ರೆಸಿನ್ ತಟ್ಟೆ, ಪದಕಗಳೂ ಬಿಸಿಗೆ ಬಗ್ಗುತ್ತವೆ. ಎರಕ ಹೊಯ್ದು ಎರಡೇ ದಿನಕ್ಕೆ ಕಳಿಸಿದರೆ ಇನ್ನೂ ಹೆಚ್ಚು. ವಾರವಾದರೂ ಬಿಟ್ಟು, ಚಪ್ಪಟೆ ರಟ್ಟಿನ ನಡುವೆ ಇಟ್ಟು ಕಳಿಸಿ.

ಮನೆಯ ಸಾಬೂನಿನ ಕಥೆ ಬೇರೆ. ತಣ್ಣನೆ ವಿಧಾನದಲ್ಲಿ ಮಾಡಿದ್ದು ನಾಲ್ಕರಿಂದ ಆರು ವಾರ ಒಣಗಬೇಕು, ಅದಕ್ಕೂ ಮೊದಲು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಳಿಸಿದರೆ ಒಳಗಿನ ನೀರು ಹೊರಬರಲಾಗದೆ ಮೆತ್ತಗಾಗುತ್ತದೆ. ಕರಗಿಸಿ ಅಚ್ಚಿಗೆ ಹೊಯ್ಯುವ ಪಾರದರ್ಶಕ ಸಾಬೂನಿಗೆ ಇದರ ತದ್ವಿರುದ್ಧ: ಅದರಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದು ಬೆವರುತ್ತದೆ, ಅದನ್ನು ಬಿಗಿಯಾಗಿ ಸುತ್ತಲೇಬೇಕು.

ಪಾಲಿಮರ್ ಜೇಡಿ, ಅಂದರೆ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ಪ್ಲಾಸ್ಟಿಕ್ ಜೇಡಿಯ ಓಲೆ, ಬೊಂಬೆಗಳು ಮುರಿಯುವುದಕ್ಕೆ ಅಂಚೆಗಿಂತ ಒಲೆ ಹೆಚ್ಚು ಹೊಣೆ. ಪೊಟ್ಟಣದಲ್ಲಿ ಹೇಳಿದ ಶಾಖ, ಸಮಯ ಪೂರ್ತಿ ಸಿಕ್ಕರೆ ತೆಳು ಹಾಳೆಯೂ ಸ್ವಲ್ಪ ಬಾಗಿ ವಾಪಸ್ ಬರುತ್ತದೆ. ಅರೆಬೆಂದದ್ದು ಬಿಸ್ಕತ್ತಿನಂತೆ ಪಟಕ್ಕೆನ್ನುತ್ತದೆ. ಅರೆಬೆಂದದ್ದರಿಂದ ಮೆದುಕಾರಕ ಎಣ್ಣೆಯೂ ಒಸರಿ ಥರ್ಮೋಕೋಲನ್ನು ಕರಗಿಸಿ ಅಂಟಿಕೊಳ್ಳುವುದುಂಟು, ಆದ್ದರಿಂದ ನಡುವೆ ಕಾಗದ ಇರಲಿ. ಬೆಳ್ಳಿಯ ಆಭರಣವನ್ನು ರಬ್ಬರ್ ಬ್ಯಾಂಡ್‌, ಉಣ್ಣೆಯ ಬಟ್ಟೆಯ ಜೊತೆ ಇಡಬೇಡಿ. ಎರಡರಲ್ಲೂ ಗಂಧಕವಿದೆ, ತಲುಪುವ ಹೊತ್ತಿಗೆ ಕಪ್ಪಡರಿರುತ್ತದೆ. ಮಣಿಸರದ ದಾರವನ್ನು ಕತ್ತರಿಸುವುದು ಬೀಳುವ ಪೆಟ್ಟಲ್ಲ, ದಿನಗಟ್ಟಲೆ ಕುಲುಕಾಟದಲ್ಲಿ ಮಣಿಯ ರಂಧ್ರದ ಚೂಪು ಅಂಚು. ಸರವನ್ನು ರಟ್ಟಿನ ತುಂಡಿಗೆ ಕಟ್ಟಿ ಅಲುಗದಂತೆ ಮಾಡಿದರೆ ಸಾಕು. ಉಣ್ಣೆ ಹೆಣಿಗೆಗೆ ಪೆಟ್ಟಿನ ಭಯವಿಲ್ಲ, ನೀರಿನದಿದೆ. ಎರಡು ಪ್ಲಾಸ್ಟಿಕ್ ಚೀಲ, ಹಾಕುವ ಮೊದಲು ಉಣ್ಣೆ ಗರಿಗರಿ ಒಣಗಿರಬೇಕು. ಅಷ್ಟೇ.

ಕಳೆದುಹೋಗುವ ದಾರಿಗಳು

ಪಾರ್ಸೆಲ್ ಮಾಯವಾಗುವುದಿಲ್ಲ. ಹೆಚ್ಚಾಗಿ ಅದು ಹೆಸರು ಕಳೆದುಕೊಂಡು ಎಲ್ಲೋ ಕೂತಿರುತ್ತದೆ.

ಮೊದಲನೆಯ ಕಾರಣ ಹಳೆಯ ಬಾರ್‌ಕೋಡ್. ಮರುಬಳಕೆಯ ಡಬ್ಬಿಯ ಮೇಲೆ ಹಿಂದಿನ ಸ್ಟಿಕ್ಕರ್ ಉಳಿದಿದ್ದರೆ ಯಂತ್ರ ಅದನ್ನೇ ಓದಿ ಡಬ್ಬಿಯನ್ನು ಹಿಂದಿನ ಊರಿಗೆ ಕಳಿಸಬಹುದು. ಪೆನ್ನಿನಿಂದ ಗೀಚಿದರೆ ಸಾಲದು, ಕಿತ್ತು ಹಾಕಿ ಅಥವಾ ಮೇಲೆ ಕಾಗದ ಅಂಟಿಸಿ. ಎರಡನೆಯದು, ಡಬ್ಬಿಯ ಸೀಳಿನ ಮೇಲೋ ಅಂಚು ತಿರುಗಿಸಿಯೋ ಅಂಟಿಸಿದ ವಿಳಾಸದ ಚೀಟಿ. ಅದು ದೊಡ್ಡ ಮುಖದ ನಡುವೆ ಸಪಾಟಾಗಿ ಕೂರಬೇಕು. ಶಾಯಿ ಪೆನ್ನಿನ ವಿಳಾಸ ಒಂದು ಮಳೆಹನಿಗೆ ಹರಡುತ್ತದೆ, ಬಾಲ್ ಪೆನ್ ಅಥವಾ ಅಳಿಸದ ಮಾರ್ಕರ್ ಬಳಸಿ.

ಮೂರನೆಯದು ಲಕೋಟೆ. ಶುಭಾಶಯ ಪತ್ರದ ಮೇಲೆ ಗುಂಡಿ, ಮಣಿ, ಲೋಹದ ಹೂವು ಅಂಟಿಸಿ ಮಾಮೂಲಿ ಲಕೋಟೆಯಲ್ಲಿ ಹಾಕಿದರೆ ಏನಾಗುತ್ತದೆ ನೋಡಿ. ಗಂಟೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಕಾಗದ ವಿಂಗಡಿಸುವ ಯಂತ್ರದಲ್ಲಿ ಲಕೋಟೆ ಎರಡು ಪಟ್ಟಿಗಳ ನಡುವೆ ಸಿಕ್ಕಿ ರೋಲರ್‌ಗಳ ಸುತ್ತ ಬಾಗುತ್ತ ಓಡುತ್ತದೆ. ಕಾಗದ ಬಾಗುತ್ತದೆ, ಗುಂಡಿ ಬಾಗುವುದಿಲ್ಲ. ಅದು ಲಕೋಟೆಯನ್ನು ಸೀಳಿ ಹಾರುತ್ತದೆ, ಖಾಲಿ ಲಕೋಟೆ ಮಾತ್ರ ಮನೆ ಮುಟ್ಟುತ್ತದೆ. ಇಂಥದ್ದನ್ನು ಪಾರ್ಸೆಲ್ ಆಗಿ, ಕೈಯಲ್ಲಿ ಹಾಯುವ ಗಡುಸು ಪೊಟ್ಟಣದಲ್ಲಿ ಕಳಿಸಬೇಕು.

ಚೀಟಿ ಕಿತ್ತುಬಂದ ಡಬ್ಬಿಗಳು, ಲಕೋಟೆಯಿಂದ ಉದುರಿದ ವಸ್ತುಗಳು ಕೊನೆಗೆ ಸೇರುವ ಜಾಗವೊಂದಿದೆ. ಅಮೆರಿಕದ ಅಂಚೆಗೆ ಅಟ್ಲಾಂಟದಲ್ಲಿ, ಬ್ರಿಟನ್ನಿನದಕ್ಕೆ ಬೆಲ್‌ಫಾಸ್ಟ್‌ನಲ್ಲಿ ಇಂಥ ಕೇಂದ್ರಗಳಿವೆ. ಅಲ್ಲಿ ಅಧಿಕಾರವಿರುವ ಸಿಬ್ಬಂದಿ ಡಬ್ಬಿ ತೆರೆದು ಒಳಗೆ ಸುಳಿವು ಹುಡುಕುತ್ತಾರೆ. ಆ ಸುಳಿವನ್ನು ನೀವೇ ಇಟ್ಟಿರಬೇಕು: ಕಳಿಸುವವರ ಮತ್ತು ಪಡೆಯುವವರ ಪೂರ್ತಿ ವಿಳಾಸ, ಫೋನ್ ನಂಬರ್, ಒಳಗಿರುವ ವಸ್ತುವಿನ ಒಂದು ಸಾಲಿನ ವಿವರಣೆ ಬರೆದ ಚೀಟಿ, ಡಬ್ಬಿಯೊಳಗೆ ಎಲ್ಲಕ್ಕಿಂತ ಮೇಲೆ. ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಖರ್ಚು ಒಂದು ಹಾಳೆ ಕಾಗದ.

ಗಡಿ ದಾಟುವಾಗ

ಬೇರೆ ದೇಶಕ್ಕೆ ಹೋಗುವ ಅಂಚೆ ಪೊಟ್ಟಣಕ್ಕೆ ಕಸ್ಟಮ್ಸ್ ಘೋಷಣೆ ಬೇಕು: ಕಡಿಮೆ ಬೆಲೆಯದಕ್ಕೆ ಸಿಎನ್ 22, 300 ಎಸ್‌ಡಿಆರ್ ದಾಟಿದರೆ ಸಿಎನ್ 23. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಅದರಲ್ಲಿ ‘ಉಡುಗೊರೆ’ ಎಂದಷ್ಟೇ ಬರೆದ ಪೊಟ್ಟಣ ಬದಿಗೆ ಸರಿದು ಕೂರುತ್ತದೆ. ‘ಕೈಹೆಣಿಗೆಯ ಉಣ್ಣೆ ಸ್ವೆಟರ್, ಮಗುವಿನದು, 1, 180 ಗ್ರಾಂ’ ಎನ್ನುವಂತೆ ವಸ್ತು, ಯಾವುದರಿಂದ ಮಾಡಿದ್ದು, ಎಷ್ಟು, ತೂಕ ಎಲ್ಲ ಇರಲಿ. ಭಾಷೆ ತಲುಪುವ ದೇಶಕ್ಕೆ ತಿಳಿಯುವಂಥದ್ದಾಗಿರಲಿ.

ಬೆಲೆ ಸೊನ್ನೆ ಎಂದು ಬರೆಯಬೇಡಿ. ನಾನೇ ಮಾಡಿದ್ದು, ಇದಕ್ಕೆಂಥ ಬೆಲೆ ಎಂಬ ಮಾತು ಕಸ್ಟಮ್ಸ್‌ನವರ ಮುಂದೆ ನಡೆಯದು. ಸುಂಕ ಉಳಿಸಲು ತೀರ ಕಡಿಮೆ ಬರೆಯುವುದು ಇನ್ನೂ ದೊಡ್ಡ ಪೆಟ್ಟು, ಏಕೆಂದರೆ ವಸ್ತು ಕಳೆದರೆ ಪರಿಹಾರ ಕೇಳುವಾಗ ನಿಮ್ಮ ಕೈಬರಹವೇ ನಿಮಗೆ ಎದುರು ನಿಲ್ಲುತ್ತದೆ.

ಗಡಿಯಲ್ಲಿ ‘ಕಳೆದುಹೋದ’ ಕೈಕೆಲಸಗಳಲ್ಲಿ ಕೆಲವು ನಿಜಕ್ಕೂ ಜಪ್ತಿಯಾದವು. ಹಕ್ಕಿಯ ಗರಿ, ಚಿಪ್ಪು, ಹವಳ, ಒಣಬೀಜದ ಸರ, ತೊಗಟೆ ಉಳಿದ ಕಟ್ಟಿಗೆ, ಒಣಹುಲ್ಲಿನ ಹಾರ ಇವಕ್ಕೆಲ್ಲ ಸಸ್ಯರೋಗ ಅಥವಾ ವನ್ಯಜೀವಿ ನಿಯಮ ಅಡ್ಡ ಬರುತ್ತದೆ. ಅಪಾಯದ ಅಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಬ್ಯಾಟರಿ ದೀಪ ಕೂರಿಸಿದ ಅಲಂಕಾರಕ್ಕೆ, ಸ್ಪಿರಿಟ್ ಇರುವ ಸುಗಂಧಕ್ಕೆ ವಿಮಾನದ ನಿಯಮವಿದೆ. ಬಣ್ಣ ಬಳಿಯುವ ಮೊದಲೇ ಆ ದೇಶದ ನಿಷೇಧಪಟ್ಟಿ ನೋಡಿದರೆ ಗರಿಯ ಬದಲು ಬಟ್ಟೆ ಹಾಕುವ ಅವಕಾಶ ಇನ್ನೂ ಇರುತ್ತದೆ.

ಟ್ರ್ಯಾಕಿಂಗ್ ಮೌನವಾದರೆ

ವಿದೇಶಕ್ಕೆ ಹೊರಟ ಪೊಟ್ಟಣದ ಸುದ್ದಿ ವಾರಗಟ್ಟಲೆ ನಿಲ್ಲುವುದು ಮಾಮೂಲು. ಪೊಟ್ಟಣವನ್ನು ಚೀಲಕ್ಕೆ ಹಾಕುವಾಗ ಒಮ್ಮೆ ಸ್ಕ್ಯಾನ್ ಆಗುತ್ತದೆ, ಆಮೇಲೆ ಲೆಕ್ಕಕ್ಕೆ ಬರುವುದು ಚೀಲದ ಗುರುತಷ್ಟೇ. ಆಚೆ ದೇಶದಲ್ಲಿ ಚೀಲ ಬಿಚ್ಚಿ ಮತ್ತೆ ಒಂದೊಂದನ್ನೇ ಸ್ಕ್ಯಾನ್ ಮಾಡುವ ತನಕ ನಿಮ್ಮ ನಂಬರ್ ಅಲುಗುವುದಿಲ್ಲ.

ನಂಬರ್ ಸರಿಯಿದೆಯೇ ಎಂದು ಮೊದಲು ನೋಡಿ. ಫೋನಿನಲ್ಲಿ ಹೇಳಿ ಬರೆಸಿಕೊಂಡ ನಂಬರಿನಲ್ಲಿ ಒಂದಂಕಿ ತಪ್ಪಿದರೂ ‘ಮಾಹಿತಿ ಇಲ್ಲ’ ಎಂದೇ ಬರುತ್ತದೆ. 1874ರಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನೆಲೆ ನಿಂತಿರುವ ವಿಶ್ವ ಅಂಚೆ ಒಕ್ಕೂಟದ ಎಸ್10 ಮಾದರಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ ಇರುತ್ತವೆ. ಒಂಬತ್ತನೆಯ ಅಂಕಿ ತಾಳೆ ನೋಡಲೆಂದೇ ಇರುವುದು. ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಿರಿ. 12345678 ತೆಗೆದುಕೊಂಡರೆ: 8+12+12+8+15+30+63+56, ಒಟ್ಟು 204. ಶೇಷ 6, ಹನ್ನೊಂದರಲ್ಲಿ ಆರು ಹೋದರೆ 5. ಹಾಗಾಗಿ ಸರಿಯಾದ ಸಂಖ್ಯೆ 123456785. ಉತ್ತರ 10 ಬಂದರೆ 0 ಎಂದೂ, 11 ಬಂದರೆ 5 ಎಂದೂ ತೆಗೆದುಕೊಳ್ಳಬೇಕು. ತಾಳೆಯಾಗದಿದ್ದರೆ ರಸೀದಿಯನ್ನು ಮತ್ತೊಮ್ಮೆ ನೋಡಿ, ದೂರು ಆಮೇಲೆ.

‘ಬಟವಾಡೆಯಾಗಿದೆ’ ಎಂದು ತೋರಿಸಿ ಕೈಗೆ ಸಿಗದಿದ್ದರೆ ಅದೇ ದಿನ ಪಕ್ಕದ ಮನೆ, ಕಾವಲುಗಾರರು, ಒಂದೇ ಹೆಸರಿನ ಬೇರೆ ಕಟ್ಟಡ ಎಲ್ಲ ವಿಚಾರಿಸಿ. ಸಹಿ, ಫೋಟೋ ಅಥವಾ ಬಟವಾಡೆ ಮಾಡಿದ ಜಾಗದ ದಾಖಲೆ ಕೊಡಿ ಎಂದು ಕಚೇರಿಯನ್ನು ಕೇಳಿ. ಹಂಚಿದವರಿಗೆ ನೆನಪು ಇರುವುದು ಒಂದೆರಡು ದಿನ.

ಪರಿಹಾರದ ಲೆಕ್ಕ

ನೋಂದಣಿ, ವಿಮೆ ಏನೂ ಇಲ್ಲದೆ ಮಾಮೂಲಿ ಕಾಗದದಂತೆ ಕಳಿಸಿದ್ದಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ನೋಂದಣಿ ಅಥವಾ ಪಾರ್ಸೆಲ್ ಆಗಿದ್ದರೆ ಇದೆ, ಆದರೆ ಮಿತಿಯೊಳಗೆ. ವಿಮೆ ಮಾಡಿಸಿದ್ದರೂ ಕೊಡುವುದು ನಿಜವಾದ ನಷ್ಟಕ್ಕೆ, ಬರೆಸಿದ ಮೊತ್ತಕ್ಕಲ್ಲ. ಮೂರು ತಿಂಗಳು ರಾತ್ರಿ ಕೂತು ಹೊಲಿದ ಕೌದಿಯ ಮೇಲಿನ ಪ್ರೀತಿಗೆ ಯಾವ ಫಾರಂನಲ್ಲೂ ಕಾಲಂ ಇಲ್ಲ. ಹಾಗಾಗಿ ಅದನ್ನು ಅವರ ಭಾಷೆಗೆ ಇಳಿಸಬೇಕು: ಬಟ್ಟೆ, ನೂಲು, ಬಣ್ಣದ ಬಿಲ್ಲುಗಳು, ಅಂಥದ್ದೇ ಗಾತ್ರದ ಕೈಕೆಲಸ ಮಾರಾಟವಾಗುವ ಬೆಲೆಯ ಎರಡು ಮೂರು ನಿದರ್ಶನ, ನೀವೇ ಹಿಂದೆ ಮಾರಿದ್ದರೆ ಅದರ ರಸೀದಿ, ಅದು ಎಲ್ಲಕ್ಕಿಂತ ಗಟ್ಟಿ. ಕೆಲಸದ ಗಂಟೆಗಳ ಲೆಕ್ಕ ಬರೆದಿಟ್ಟರೆ ಕೇಳಿದಾಗ ಕೊಡಬಹುದು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಕಟ್ಟುವ ಮೊದಲು ವಸ್ತುವಿನ ಎಲ್ಲ ಮಗ್ಗುಲ ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಮೆತ್ತೆ ಹಾಕುತ್ತಿರುವಾಗ ಒಂದೆರಡು, ಮುಚ್ಚಿದ ಮೇಲೆ ಚೀಟಿ ಕಾಣುವಂತೆ ಒಂದು. ಈ ನಡುವಿನ ಫೋಟೋ ಏಕೆಂದರೆ, ದೂರು ತಿರಸ್ಕರಿಸುವಾಗ ಬಹಳ ಸಲ ಬರುವ ಮಾತು ‘ಪ್ಯಾಕಿಂಗ್ ಸಾಲದು’. ಕೌಂಟರಿನಲ್ಲಿ ತೂಗಿದ ತೂಕ ರಸೀದಿಯಲ್ಲಿದೆಯೇ ನೋಡಿಕೊಳ್ಳಿ. ತಲುಪಿದ ಡಬ್ಬಿ 900 ಗ್ರಾಂ ಇರಬೇಕಾದದ್ದು 560 ಇದ್ದರೆ ದಾರಿಯಲ್ಲಿ ಏನೋ ಹೊರಬಿದ್ದಿದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಂತರರಾಷ್ಟ್ರೀಯ ಅಂಚೆಯಲ್ಲಿ ವಿಚಾರಣೆಗೆ ಅವಕಾಶ ಕಳಿಸಿದ ಮರುದಿನದಿಂದ ಆರು ತಿಂಗಳು, ಅದರ ಫಾರಂ ಸಿಎನ್ 08. ದೇಶದೊಳಗಿನ ಸೇವೆ ಮತ್ತು ಕೊರಿಯರ್‌ಗಳ ಗಡುವು ಇದಕ್ಕಿಂತ ಬಹಳ ಚಿಕ್ಕದಿರಬಹುದು, ಒಡೆದದ್ದಕ್ಕಂತೂ ಕೆಲವೇ ದಿನ. ದೂರು ಕೊಡಬೇಕಾದವರು ಸಾಮಾನ್ಯವಾಗಿ ಕಳಿಸಿದವರು, ರಸೀದಿ ಅವರ ಕೈಯಲ್ಲಿರುವುದರಿಂದ. ಪಡೆದವರು ನೊಂದುಕೊಂಡಾರೆಂದೋ ಕಳಿಸಿದವರು ಬೇಸರಪಟ್ಟಾರೆಂದೋ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಗಡುವು ಮುಗಿಯುವುದು ಉಡುಗೊರೆಗಳ ವಿಷಯದಲ್ಲಿ ಮಾತ್ರ ಕಾಣುವ ವಿಚಿತ್ರ. ಒಡೆದಿದ್ದರೆ ಅವತ್ತೇ ಹೇಳಿ.

ಒಡೆದದ್ದು ಕೈಗೆ ಬಂದಾಗ

ಡಬ್ಬಿ ಜಜ್ಜಿದ್ದರೆ ಸಹಿ ಹಾಕುವ ಮೊದಲೇ ‘ಹಾನಿಯಾಗಿದೆ’ ಎಂದು ಬಟವಾಡೆ ದಾಖಲೆಯಲ್ಲಿ ಬರೆಸಿ. ಬಿಚ್ಚುವ ಮೊದಲು ಆರೂ ಮುಖದ ಫೋಟೋ, ತೂಕ, ಆಮೇಲೆ ಒಂದೊಂದೇ ಪದರ ತೆಗೆಯುತ್ತ ಫೋಟೋ. ಡಬ್ಬಿ, ಮೆತ್ತೆ, ಟೇಪು, ಏನನ್ನೂ ಎಸೆಯಬೇಡಿ. ಪರಿಶೀಲನೆಗೆ ತನ್ನಿ ಎಂದಾಗ ಅದಿಲ್ಲದಿದ್ದರೆ ದೂರು ಅಲ್ಲಿಗೇ ನಿಲ್ಲುತ್ತದೆ. ಪರಿಹಾರ ತೀರ್ಮಾನವಾಗುವ ತನಕ ದುರಸ್ತಿಯೂ ಬೇಡ.

ಮಣ್ಣಿನ ಚೂರುಗಳನ್ನು ಒಂದೇ ಪೊಟ್ಟಣಕ್ಕೆ ಸುರಿಯಬೇಡಿ. ಒಡೆದ ಅಂಚುಗಳು ಒಂದಕ್ಕೊಂದು ಉಜ್ಜಿ ಸವೆದರೆ ಮುಂದೆ ಜೋಡಿಸಿದಾಗ ಗೆರೆ ಎದ್ದು ಕಾಣುತ್ತದೆ. ಪ್ರತಿ ಚೂರನ್ನೂ ಬೇರೆ ಬೇರೆ ಟಿಶ್ಯೂವಿನಲ್ಲಿ ಸುತ್ತಿ, ಡಬ್ಬಿಯ ತಳದಲ್ಲಿ ಉಳಿದ ಕಾಳಿನಷ್ಟು ಚೂರನ್ನೂ ಎತ್ತಿಡಿ. ಅಂಟು ಹಾಕುವ ಮೊದಲು ಟೇಪಿನಿಂದ ಇಡೀ ವಸ್ತುವನ್ನು ಒಣದಾಗಿ ಜೋಡಿಸಿ ಕ್ರಮ ಗುರುತಿಸಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಚೂರಿಗೆ ಜಾಗ ಸಾಲುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಅಂಟು ತಿದ್ದಲು ಸಮಯವನ್ನೇ ಕೊಡದು, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ವಾಸಿ. ಜೋಡಿಸಿದ ಕಪ್ಪಿನಲ್ಲಿ ಮತ್ತೆ ಬಿಸಿ ಕುಡಿಯುವಂತಿಲ್ಲ, ಪೆನ್ನು ನಿಲ್ಲಿಸಬಹುದು.

ಹೆಣಿಗೆ ಅಥವಾ ಹೊಲಿಗೆಯಾದರೆ ಕಳಿಸುವವರ ಕೈಯಲ್ಲೇ ಒಂದು ಉಪಾಯವಿದೆ. ಉಳಿದ ನೂಲಿನ ಉಂಡೆಯನ್ನು ಅದರ ಪಟ್ಟಿಯ ಸಮೇತ ಎತ್ತಿಡಿ. ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬಣ್ಣದ ತೊಟ್ಟಿಯಲ್ಲಿ ಅದ್ದಿದ ನೂಲು ಒಂದು ಛಾಯೆ ಬದಲಿರುತ್ತದೆ, ತೇಪೆ ಹಾಕಿದಲ್ಲಿ ಪಟ್ಟೆ ಕಾಣುತ್ತದೆ. ಆ ಪಟ್ಟಿಯ ಮೇಲಿನ ಡೈ ಲಾಟ್ ಸಂಖ್ಯೆ ನೋಡಿ ಹೊಂದುವುದನ್ನೇ ತರಬಹುದು. ಸೂಜಿಯ ಅಳತೆ, ಹೊಲಿಗೆಗಳ ಎಣಿಕೆ, ಬಣ್ಣ ಬೆರೆಸಿದ ಪ್ರಮಾಣ, ಮಣ್ಣಿನ ಹೊಳಪಿನ ಲೇಪ ಬೇಯಿಸಿದ ಶಾಖ, ಇವನ್ನು ವಸ್ತು ಕೈಯಲ್ಲಿರುವಾಗಲೇ ಒಂದು ಚೀಟಿಯಲ್ಲಿ ಬರೆದು ಆ ಉಂಡೆಯ ಜೊತೆಗೋ ಉಳಿದ ಮಣ್ಣಿನ ಜೊತೆಗೋ ಇಟ್ಟಿರಿ. ಡಬ್ಬಿ ತಲುಪಿತು ಎಂಬ ಸುದ್ದಿ ಬಂದ ಮೇಲೆ ಬೇಕಾದರೆ ಎಸೆಯಿರಿ.